ನೀರಿಗೊಪ್ಪುವ ಕೃತಕಾಂಗ: ಮಕ್ಕಳ ಈಜಿಗೂ ಜಲಚಿಕಿತ್ಸೆಗೂ

ಕೈಯ ಅಥವಾ ಕಾಲಿನ ಒಂದು ಭಾಗವಿಲ್ಲದೆ ಹುಟ್ಟಿದ, ಇಲ್ಲವೆ ಅಪಘಾತದಿಂದಲೋ ರೋಗದಿಂದಲೋ ಅದನ್ನು ಕಳೆದುಕೊಂಡ ಮಗುವಿಗೆ ನೀರಿಗಿಳಿಯುವ ಆಸೆ ಹುಟ್ಟಿದಾಗ, ಅಥವಾ ವೈದ್ಯರೇ ಜಲಚಿಕಿತ್ಸೆಯನ್ನು ಸೂಚಿಸಿದಾಗ, ತಂದೆತಾಯಿಗಳು ಮೊದಲು ಕೇಳುವುದು, ದಿನನಿತ್ಯ ಧರಿಸುವ ಕೃತಕ ಕಾಲಿನಿಂದಲೇ ಮಗು ನೀರಿಗಿಳಿಯಬಹುದೆ, ಅಥವಾ ಅದಕ್ಕೆಂದೇ ಬೇರೊಂದನ್ನು ಮಾಡಿಸಬೇಕೆ ಎಂದು. ಇದಕ್ಕೆ ಉತ್ತರ ಹೇಳುವುದಕ್ಕೆ ಮುಂಚೆ ಇತ್ಯರ್ಥವಾಗಬೇಕಾದ ಇನ್ನೊಂದು ಪ್ರಶ್ನೆಯಿದೆ: ಮಗುವಿಗೆ ಆ ಅಂಗ ಬೇಕಾಗಿರುವುದು ನೀರಿನ ಒಳಗೋ, ನೀರಿನ ಅಂಚಿನಲ್ಲೋ, ಅಥವಾ ನೀರಿನವರೆಗೆ ನಡೆದುಹೋಗುವ ದಾರಿಯಲ್ಲೋ? ಈ ಮೂರಕ್ಕೂ ಬೇಕಾಗುವ ರಚನೆಗಳು ಬೇರೆಬೇರೆ. ಬಹುಪಾಲು ಮಕ್ಕಳಿಗೆ ಅಂಗದ ಅಗತ್ಯ ತೀವ್ರವಾಗಿರುವುದು ದಾರಿಯಲ್ಲಿ ಮತ್ತು ಅಂಚಿನಲ್ಲಿ. ಈಜುವ ಕ್ರಿಯೆಯನ್ನು ಮಾತ್ರ ದೇಹವು ಯಾವ ಜೋಡಣೆಯೂ ಇಲ್ಲದೆಯೇ ಕಲಿಯಬಲ್ಲುದು, ಮತ್ತು ಮೊದಲು ಹಾಗೆಯೇ ಕಲಿಯತಕ್ಕದ್ದು ಎಂಬುದು ಈ ಲೇಖಕನ ದೃಢವಾದ ಅಭಿಪ್ರಾಯ.

ಇದಕ್ಕೆ ಪ್ರಮಾಣ ದೂರದಲ್ಲಿಲ್ಲ. ಅಂತರರಾಷ್ಟ್ರೀಯ ಪ್ಯಾರಾ ಈಜು ಸ್ಪರ್ಧೆಗಳ ನಿಯಮದಂತೆ ಕೃತಕಾಂಗವನ್ನು ಧರಿಸಿ ಯಾರೂ ಈಜುವಂತಿಲ್ಲ. ಕೊಳದ ದಡದಲ್ಲಿ ಅದನ್ನು ಕಳಚಿಟ್ಟೇ ನೀರಿಗೆ ಧುಮುಕಬೇಕು. 2001ರಲ್ಲಿ ರಸ್ತೆ ಅಪಘಾತದಲ್ಲಿ ಎಡಗಾಲನ್ನು ಕಳೆದುಕೊಂಡ ದಕ್ಷಿಣ ಆಫ್ರಿಕದ ನತಾಲಿ ಡು ಟಾಯ್, 2008ರ ಬೀಜಿಂಗ್ ಒಲಿಂಪಿಕ್ಸ್‌ನಲ್ಲಿ, ಪ್ಯಾರಾಲಿಂಪಿಕ್ಸ್‌ನಲ್ಲಿ ಅಲ್ಲ, ಸಾಮಾನ್ಯ ಒಲಿಂಪಿಕ್ಸ್‌ನಲ್ಲಿಯೇ, 10 ಕಿಲೋಮೀಟರ್ ದೂರದ ಈಜನ್ನು ಒಂದೇ ಕಾಲಿನಿಂದ ಪೂರೈಸಿ 16ನೆಯವರಾಗಿ ಬಂದರು. ನಮ್ಮ ಬೆಂಗಳೂರಿನ ಶರತ್ ಗಾಯಕವಾಡ್ ಹುಟ್ಟಿನಿಂದಲೇ ಎಡಗೈಯ ನ್ಯೂನತೆಯುಳ್ಳವರು. ಅವರು 2012ರ ಲಂಡನ್ ಪ್ಯಾರಾಲಿಂಪಿಕ್ಸ್‌ಗೆ ಅರ್ಹರಾದುದೂ, 2014ರ ಇಂಚಿಯಾನ್ ಏಷ್ಯನ್ ಪ್ಯಾರಾ ಕ್ರೀಡಾಕೂಟದಲ್ಲಿ ಆರು ಪದಕಗಳನ್ನು ಗೆದ್ದುದೂ ಕೈಗೆ ಯಾವ ಉಪಕರಣವನ್ನೂ ಕಟ್ಟಿಕೊಂಡಲ್ಲ. ಆದುದರಿಂದ ಕೃತಕಾಂಗ ಸಿದ್ಧವಾಗುವವರೆಗೆ ಈಜನ್ನು ಮುಂದೂಡುವುದು ಅನಾವಶ್ಯಕ. ಶಸ್ತ್ರಚಿಕಿತ್ಸೆಯ ಗಾಯ ಪೂರ್ಣವಾಗಿ ಮಾಯ್ದಿದ್ದು, ವೈದ್ಯರ ಸಮ್ಮತಿಯಿದ್ದರೆ, ಪಕ್ಕದಲ್ಲಿ ಪಳಗಿದ ಶಿಕ್ಷಕರಿದ್ದರೆ, ಮಗು ನೀರಿಗಿಳಿಯಬಹುದು.

ನೀರು ಮಗುವಿನ ದೇಹಕ್ಕೆ ಏನು ಮಾಡುತ್ತದೆಂಬುದನ್ನು ತಿಳಿದುಕೊಂಡರೆ ಅಂಗದ ರಚನೆಯೂ ಸುಲಭವಾಗಿ ಅರ್ಥವಾಗುತ್ತದೆ. ಸೊಂಟದವರೆಗಿನ ನೀರಿನಲ್ಲಿ ನಿಂತಾಗ ಕಾಲುಗಳು ಹೊರಬೇಕಾದ ಭಾರ ಸುಮಾರು ಅರ್ಧಕ್ಕೆ ಇಳಿಯುತ್ತದೆ. ಎದೆಯವರೆಗೆ ಬಂದರೆ ಮೂರನೆಯ ಒಂದು ಭಾಗದಷ್ಟು ಮಾತ್ರ ಉಳಿಯುತ್ತದೆ. ಕುತ್ತಿಗೆಯವರೆಗೆ ಮುಳುಗಿದಾಗ ಹತ್ತನೆಯ ಒಂದು ಭಾಗಕ್ಕೂ ಇಳಿಯುವುದುಂಟು. ನೆಲದ ಮೇಲೆ ಒಂಟಿ ಕಾಲಿನಲ್ಲಿ ಸಮತೋಲ ತಪ್ಪಿ ಬೀಳುವ ಮಗು ನೀರಿನಲ್ಲಿ ನಿಧಾನವಾಗಿ ವಾಲುತ್ತದೆಯೇ ಹೊರತು ದಢಾರನೆ ಬೀಳುವುದಿಲ್ಲ. ವಾಲುವಷ್ಟರಲ್ಲಿ ತನ್ನನ್ನು ತಾನು ಸರಿಪಡಿಸಿಕೊಳ್ಳಲು ಅದಕ್ಕೆ ಅವಕಾಶ ದೊರೆಯುತ್ತದೆ. ಚಿಕಿತ್ಸೆಯ ಕೊಳದ ನೀರನ್ನು ಸಾಮಾನ್ಯವಾಗಿ 33ರಿಂದ 36 ಡಿಗ್ರಿ ಸೆಲ್ಸಿಯಸ್‌ವರೆಗೆ ಬೆಚ್ಚಗಿಡುವುದರಿಂದ ಬಿಗಿದ ಸ್ನಾಯುಗಳು ಸಡಿಲಗೊಳ್ಳುತ್ತವೆ. ಸ್ಪರ್ಧೆಯ ಕೊಳಗಳ ನೀರು ಇದಕ್ಕಿಂತ ಬಹಳ ತಣ್ಣಗಿರುವುದರಿಂದ ಅಲ್ಲಿ ಚಿಕ್ಕ ಮಗುವನ್ನು ಬಹಳ ಹೊತ್ತು ಇರಿಸುವುದು ಒಳ್ಳೆಯದಲ್ಲ. ಬೆನ್ನುಹುರಿಯ ಜನ್ಮಜಾತ ನ್ಯೂನತೆಯುಳ್ಳ ಬೆಂಗಳೂರಿನ ನಿರಂಜನ್ ಮುಕುಂದನ್ ಬಾಲ್ಯದಲ್ಲಿ ನೀರಿಗಿಳಿದದ್ದು ಚಿಕಿತ್ಸೆಗೆಂದು. ಆ ದಾರಿ ಅವರನ್ನು ಟೋಕಿಯೊ ಪ್ಯಾರಾಲಿಂಪಿಕ್ಸ್‌ನವರೆಗೂ ಕೊಂಡೊಯ್ದಿತು.

ಜಲಚಿಕಿತ್ಸೆಯಲ್ಲಿ ತೊಡಗುವ ಪ್ರತಿಯೊಬ್ಬರೂ ತಿಳಿದಿರಬೇಕಾದ ಒಂದು ಪದ್ಧತಿಯುಂಟು. 1949ರಲ್ಲಿ ಲಂಡನ್ನಿನ ಹ್ಯಾಲಿವಿಕ್ ಎಂಬ ಬಾಲಕಿಯರ ಶಾಲೆಯಲ್ಲಿ, ದ್ರವಗಳ ಚಲನೆಯ ಶಾಸ್ತ್ರವನ್ನು ಬಲ್ಲ ಎಂಜಿನಿಯರ್ ಜೇಮ್ಸ್ ಮ್ಯಾಕ್‌ಮಿಲನ್ ಅವರು ಅಂಗನ್ಯೂನತೆಯುಳ್ಳ ಮಕ್ಕಳಿಗೆ ಈಜು ಕಲಿಸಲು ರೂಪಿಸಿದ ಆ ಕ್ರಮ ಇಂದು ಆ ಶಾಲೆಯ ಹೆಸರಿನಿಂದಲೇ ಪ್ರಸಿದ್ಧವಾಗಿದೆ. ಮಗುವಿಗೊಬ್ಬ ಶಿಕ್ಷಕ, ತೇಲುವ ಸಾಧನಗಳಾವುವೂ ಇಲ್ಲ ಎಂಬಿವು ಅದರ ಎರಡು ಮುಖ್ಯ ನಿಯಮಗಳು. ನಮ್ಮ ಹಳ್ಳಿಗಳಲ್ಲಿ ಬೆನ್ನಿಗೆ ಒಣ ಸೋರೆಬುರುಡೆಯನ್ನೋ ಬೆಂಡನ್ನೋ ಕಟ್ಟಿ ಬಾವಿಗಿಳಿಸಿ ಈಜು ಕಲಿಸಿದವರಿಗೆ ಇದು ವಿಚಿತ್ರವಾಗಿ ತೋರಬಹುದು. ಆದರೆ ಎರಡೂ ಕಾಲುಗಳು ಸಮವಾಗಿರುವ ಮಗುವನ್ನು ಬುರುಡೆ ಸಮವಾಗಿ ಎತ್ತಿ ಹಿಡಿಯುತ್ತದೆ. ಒಂದು ಪಕ್ಕದ ತೂಕವೂ ಗಾತ್ರವೂ ಕಡಮೆಯಾಗಿರುವ ಮಗುವಿನ ದೇಹ ನೀರಿನಲ್ಲಿ ತಾನಾಗಿಯೇ ಒಂದು ಪಕ್ಕಕ್ಕೆ ಹೊರಳಲು ತೊಡಗುತ್ತದೆ, ಮತ್ತು ಬೆನ್ನಿನ ಮೇಲಿನ ಬುರುಡೆ ಆ ಹೊರಳುವಿಕೆಯನ್ನು ಹೆಚ್ಚಿಸಲೂಬಹುದು. ಆದುದರಿಂದ ಹ್ಯಾಲಿವಿಕ್ ಕ್ರಮದಲ್ಲಿ ಮೊದಲು ಕಲಿಸುವುದು ಉಸಿರಾಟದ ಹಿಡಿತ, ತಲೆಯನ್ನು ತಿರುಗಿಸಿ ಹೊರಳುವ ದೇಹವನ್ನು ತಡೆಯುವ ಬಗೆ, ಅಂಗಾತ ತೇಲುತ್ತಿರುವಾಗ ಮಂಡಿಗಳನ್ನು ಮಡಿಸಿ, ತಲೆಯನ್ನು ಮುಂದಕ್ಕೆ ತಂದು ಎದ್ದು ನಿಲ್ಲುವ ಬಗೆ. ಈ ಕೊನೆಯ ಚಲನೆ ಮಗುವಿನ ಜೀವರಕ್ಷಕ. ಕೃತಕಾಂಗವು ಹೀಗೆ ಎದ್ದು ನಿಲ್ಲುವುದಕ್ಕೆ ಅಡ್ಡಿ ಬರುತ್ತದೆಯೆ ಎಂಬುದೇ ನೀರಿಗಾಗಿ ಮಾಡಿಸಿದ ಯಾವ ಅಂಗಕ್ಕಾದರೂ ಒಡ್ಡಬೇಕಾದ ಪ್ರಥಮ ಪರೀಕ್ಷೆ.

ಈಗ ಅಂಗದ ವಿಚಾರಕ್ಕೆ ಬರೋಣ. ದಿನನಿತ್ಯದ ಕೃತಕ ಕಾಲು ನೀರಿಗೆ ಏಕೆ ಒಗ್ಗುವುದಿಲ್ಲವೆಂದರೆ, ಅದರ ಪಾದದೊಳಗೆ ಎಷ್ಟೋ ವೇಳೆ ಮರದ ತುಂಡಿರುತ್ತದೆ, ಹೊರಗೆ ನೀರು ಹೀರುವ ಸ್ಪಂಜಿನ ಹೊದಿಕೆಯಿರುತ್ತದೆ, ಕೀಲುಗಳಲ್ಲಿ ತುಕ್ಕು ಹಿಡಿಯುವ ಉಕ್ಕಿನ ತಿರುಪುಗಳಿರುತ್ತವೆ. ಅಲ್ಯೂಮಿನಿಯಮ್ಮಿಗೂ ಸ್ಟೇನ್‌ಲೆಸ್ ಸ್ಟೀಲಿಗೂ ನೇರ ಸಂಪರ್ಕವಿದ್ದು, ಸಮುದ್ರದ ಉಪ್ಪು ನೀರೋ ಕ್ಲೋರಿನ್ ಬೆರೆತ ನೀರೋ ನಡುವೆ ಸೇರಿದರೆ ಅಲ್ಯೂಮಿನಿಯಮ್ ಬೇಗನೆ ಸವೆಯುತ್ತದೆ. ಹೊರಗಿನಿಂದ ನೋಡುವವರಿಗೆ ಅದು ಕಾಣುವುದೂ ಇಲ್ಲ. ಈ ದೃಷ್ಟಿಯಿಂದ ಭಾರತಕ್ಕೆ ತನ್ನದೇ ಆದ ಒಂದು ಹಿರಿಮೆಯಿದೆ. 1968ರಲ್ಲಿ ಜಯಪುರದ ಸವಾಯಿ ಮಾನಸಿಂಗ್ ಆಸ್ಪತ್ರೆಯಲ್ಲಿ ಶಿಲ್ಪಕುಶಲಿಯಾದ ರಾಮಚಂದ್ರ ಶರ್ಮ ಮತ್ತು ಶಸ್ತ್ರವೈದ್ಯರಾದ ಡಾ. ಪಿ. ಕೆ. ಸೇಠಿ ಇವರಿಬ್ಬರೂ ಸೇರಿ ರೂಪಿಸಿದ ಪಾದ, ಬರಿಗಾಲಿನಲ್ಲಿ ನಡೆಯುವ, ನೆಲದ ಮೇಲೆ ಚಕ್ಕಳಮಕ್ಕಳ ಹಾಕಿ ಕೂರುವ, ಕೆಸರುಗದ್ದೆಯಲ್ಲಿ ದುಡಿಯುವ ಜನಕ್ಕೆಂದು ಹುಟ್ಟಿದುದು. ಹದಗೊಳಿಸಿದ ರಬ್ಬರಿನ ಕವಚ ಅದನ್ನು ಪೂರ್ತಿಯಾಗಿ ಸುತ್ತುವರಿದಿರುವುದರಿಂದ ನೀರಿಗೆ ಅದು ಅಂಜುವುದಿಲ್ಲ. ಸೇಠಿಯವರಿಗೆ 1981ರಲ್ಲಿ ಮ್ಯಾಗ್ಸೆಸೆ ಪ್ರಶಸ್ತಿ ಬಂತು. ಶರ್ಮರ ಹೆಸರನ್ನೂ ಅಷ್ಟೇ ಗೌರವದಿಂದ ನೆನೆಯುವುದು ನ್ಯಾಯ. ಆದರೆ ಎಚ್ಚರಿಕೆಯ ಒಂದು ಮಾತು: ಆ ಕವಚದೊಳಗೂ ಮರದ ಭಾಗವುಂಟು. ಬೆರಳುಗಳ ಬುಡದಲ್ಲೋ ಹಿಮ್ಮಡಿಯ ಮೇಲ್ಭಾಗದಲ್ಲೋ ರಬ್ಬರು ಬಿರುಕು ಬಿಟ್ಟರೆ ನೀರು ಒಳಸೇರಿ ಮರ ಕೊಳೆಯಲಾರಂಭಿಸುತ್ತದೆ. ಆದಕಾರಣ ತಿಂಗಳಿಗೊಮ್ಮೆಯಾದರೂ ಪಾದವನ್ನು ಬಗ್ಗಿಸಿ, ಬೆಳಕಿಗೆ ಹಿಡಿದು ನೋಡಬೇಕು.

ಪಾದದ ಮೇಲೆ ಬರುವ ಕಾಲುದಂಡದ ವಿಷಯ ಇನ್ನೂ ಸೂಕ್ಷ್ಮವಾದುದು, ಮತ್ತು ತಪ್ಪುಗಳಾಗುವುದು ಹೆಚ್ಚಾಗಿ ಇಲ್ಲಿಯೇ. ಒಳಗೆ ಟೊಳ್ಳಾಗಿದ್ದು ಸುತ್ತಲೂ ಮುಚ್ಚಿಕೊಂಡಿರುವ ಒಂದು ದಂಡವನ್ನು ಊಹಿಸಿಕೊಳ್ಳಿ. ಅದರ ಹೊರಗಾತ್ರ 900 ಮಿಲಿಲೀಟರು, ತೂಕ 500 ಗ್ರಾಮ್ ಎಂದಿಟ್ಟುಕೊಂಡರೆ, ಅದು ಸರಿಸುವ ನೀರಿನ ತೂಕ 900 ಗ್ರಾಮ್ ಆದುದರಿಂದ, 400 ಗ್ರಾಮಿನಷ್ಟು ಬಲ ಮಗುವಿನ ಕಾಲನ್ನು ಸದಾ ಮೇಲಕ್ಕೆ ತಳ್ಳುತ್ತಿರುತ್ತದೆ. ದೊಡ್ಡವರಿಗೆ ಇದು ಅಲ್ಪವೆನಿಸಬಹುದು. ಹದಿನೈದೋ ಹದಿನೆಂಟೋ ಕಿಲೋ ತೂಗುವ ಮಗುವಿನ ಕಾಲ ತುದಿಯಲ್ಲಿ, ಸೊಂಟದಿಂದ ಅಷ್ಟು ದೂರದಲ್ಲಿ, ಅದು ಅಲ್ಪವಲ್ಲ. ಕಾಲು ಮೇಲೇಳುತ್ತದೆ, ಮುಖ ಕೆಳಗಾಗುತ್ತದೆ, ಎದ್ದು ನಿಲ್ಲಬೇಕೆಂದರೆ ಕಾಲನ್ನು ಕೆಳಕ್ಕೆ ಒತ್ತಲು ಮಗುವಿನಿಂದಾಗುವುದಿಲ್ಲ. ಬದಲಿಗೆ ದಂಡವನ್ನು ಬರೀ ಲೋಹದಿಂದ ಭಾರವಾಗಿ ಮಾಡಿದರೆ ಆ ಪಕ್ಕದ ಸೊಂಟ ಮುಳುಗಿ ದೇಹ ಹೊರಳುತ್ತದೆ. ಇವೆರಡರ ನಡುವಣ ಮಾರ್ಗವೆಂದರೆ ದಂಡದೊಳಕ್ಕೆ ನೀರು ಸರಾಗವಾಗಿ ನುಗ್ಗಿ, ಸರಾಗವಾಗಿ ಹೊರಹೋಗುವಂತೆ ರಂಧ್ರಗಳನ್ನಿಡುವುದು: ಕೆಳತುದಿಯಲ್ಲಿ ನೀರಿಗಾಗಿ, ಮೇಲ್ತುದಿಯಲ್ಲಿ ಗಾಳಿ ಹೊರಡುವುದಕ್ಕಾಗಿ. ಮೇಲಿನ ರಂಧ್ರವಿಲ್ಲದೆ ಕೆಳಗಿನದೊಂದೇ ಇದ್ದರೆ ಗಾಳಿ ಒಳಗೇ ಸಿಕ್ಕಿಕೊಂಡು ನೀರು ಏರುವುದಿಲ್ಲ. ರಂಧ್ರ ಮಗುವಿನ ಬೆರಳು ಸಿಕ್ಕಿಕೊಳ್ಳದಷ್ಟು ಚಿಕ್ಕದಾಗಿರಬೇಕು, ಮರಳು ಕಟ್ಟಿಕೊಳ್ಳದಷ್ಟು ದೊಡ್ಡದಾಗಿರಬೇಕು. ದಂಡ ಹೆಚ್ಚು ಬಾಗುವ ಎಡೆಗಳಲ್ಲಿ ಕೊರೆದರೆ ಅಲ್ಲಿಂದಲೇ ಸೀಳು ಹುಟ್ಟುವುದರಿಂದ ಈ ಕೆಲಸವನ್ನು ಮನೆಯಲ್ಲಿ ಯಾರೂ ಕೈಗೆತ್ತಿಕೊಳ್ಳಬಾರದು.

ಹೀಗೆ ನೀರು ತುಂಬಿದ ಮೇಲೆ ತೇಲುವುದೋ ಮುಳುಗುವುದೋ ಎಂಬುದನ್ನು ನಿರ್ಣಯಿಸುವುದು ವಸ್ತುವಿನ ಸಾಂದ್ರತೆ ಮಾತ್ರ. ನೀರಿನದು 1 ಆದರೆ ಪಾಲಿಪ್ರೊಪಿಲೀನ್ ಪ್ಲಾಸ್ಟಿಕ್ಕಿನದು ಸುಮಾರು 0.9, ನೀರಿನ ಪೈಪುಗಳಿಗೆ ಬಳಸುವ ಎಚ್‌ಡಿಪಿಇ ಪ್ಲಾಸ್ಟಿಕ್ಕಿನದು 0.95, ಅಲ್ಯೂಮಿನಿಯಮ್ಮಿನದು 2.7, ಟೈಟೇನಿಯಮ್ಮಿನದು 4.5, ಉಕ್ಕಿನದು 8ರ ಹತ್ತಿರ. ಸ್ವಲ್ಪವೇ ತೇಲುವ ಪ್ಲಾಸ್ಟಿಕ್ಕಿನ ಚಿಪ್ಪೂ, ಮುಳುಗುವ ಲೋಹದ ಕೆಲವು ಜೋಡಣೆಗಳೂ ಸೇರಿದಾಗ ಒಟ್ಟು ಅಂಗ ನೀರಿನಲ್ಲಿ ಹೆಚ್ಚುಕಡಮೆ ತೂಕವಿಲ್ಲದಂತಾಗುತ್ತದೆ. ಸಿದ್ಧವಾದ ಅಂಗವನ್ನು ಮನೆಯ ದೊಡ್ಡ ಹಂಡೆಯಲ್ಲಿಯೋ ಡ್ರಮ್ಮಿನಲ್ಲಿಯೋ ಮುಳುಗಿಸಿ, ಗುಳ್ಳೆಗಳು ನಿಂತ ಮೇಲೆ ಕೈಬಿಟ್ಟು ನೋಡಿ. ಅದು ಬೆಂಡಿನಂತೆ ಚಿಮ್ಮದೆ, ಕಲ್ಲಿನಂತೆ ಇಳಿಯದೆ, ನಿಧಾನವಾಗಿ ತಳ ಸೇರಿದರೆ ರಚನೆ ಸರಿಯಾಗಿದೆಯೆಂದು ತಿಳಿಯಬಹುದು. ಹೊರಕ್ಕೆತ್ತಿದಾಗ ಎರಡು ಮೂರು ಉಸಿರಿನಷ್ಟು ಹೊತ್ತಿನಲ್ಲಿ ನೀರೆಲ್ಲ ಸುರಿದುಹೋಗಬೇಕು. ಇಲ್ಲವಾದರೆ ಕೊಳದ ಮೆಟ್ಟಿಲೇರುವ ಮಗು ಒಂದು ತಂಬಿಗೆ ನೀರನ್ನು ಕಾಲಿನೊಳಗೆ ಹೊತ್ತು ಏರಬೇಕಾಗುತ್ತದೆ.

ಅಂಗ ದೇಹಕ್ಕೆ ಕಚ್ಚಿಕೊಳ್ಳುವ ಬಗೆಯಲ್ಲಿಯೂ ನೀರು ತೊಡಕನ್ನುಂಟುಮಾಡುತ್ತದೆ. ಉಳಿದ ಕಾಲಿನ ಭಾಗವನ್ನು, ಅಂದರೆ ಆಸ್ಪತ್ರೆಯಲ್ಲಿ ಸ್ಟಂಪ್ ಎಂದು ಕರೆಯುವುದನ್ನು, ಒಳಗೊಳ್ಳುವ ಬಟ್ಟಲಿಗೆ ಸಾಕೆಟ್ ಎಂದು ಹೆಸರು. ಅದರೊಳಗಿನ ಸಿಲಿಕೋನ್ ಒಳಪದರ, ಅಂದರೆ ಲೈನರು, ಒಣ ಚರ್ಮಕ್ಕೆ ಬಿಗಿಯಾಗಿ ಅಂಟಿಕೊಳ್ಳುತ್ತದೆ. ನೀರು ನುಸುಳಿದೊಡನೆ ಜಾರತೊಡಗುತ್ತದೆ. ಆದಕಾರಣ ಲೈನರಿನ ಹಿಡಿತವೊಂದನ್ನೇ ನಂಬದೆ, ಮಂಡಿಯ ಮೇಲಕ್ಕೆ ಏರುವ ನಿಯೋಪ್ರೀನ್ ಗವಸನ್ನೋ, ಮಂಡಿಯ ಮೇಲ್ಭಾಗವನ್ನು ಸುತ್ತುವ ಪಟ್ಟಿಯನ್ನೋ, ತೊಡೆಯ ಭಾಗದಲ್ಲಿಯೇ ಅಂಗವನ್ನು ಕಳೆದುಕೊಂಡ ಮಗುವಿಗೆ ಸೊಂಟಪಟ್ಟಿಯನ್ನೋ ಜೊತೆಗೆ ಕೊಡುವುದು ಕ್ಷೇಮ. ಆದರೆ ಆ ಪಟ್ಟಿ ಮಗು ತಾನೇ, ಒಂದೇ ಕೈಯಿಂದ, ನೀರಿನೊಳಗೆ ಬಿಚ್ಚಿಕೊಳ್ಳಬಲ್ಲಂತಹುದಾಗಿರಬೇಕು.

ಲೈನರುಗಳ ಪ್ರಸ್ತಾಪ ಬಂದಾಗ ನೆನಪಾಗುವುದು ಮನುಷ್ಯನಲ್ಲದ ಒಂದು ರೋಗಿ. 2005ರಲ್ಲಿ ಅಮೆರಿಕದ ಫ್ಲಾರಿಡಾ ಕರಾವಳಿಯಲ್ಲಿ ಏಡಿ ಹಿಡಿಯುವ ಬಲೆಯ ಹಗ್ಗಕ್ಕೆ ಸಿಕ್ಕಿ ಬಾಲವನ್ನು ಕಳೆದುಕೊಂಡ ವಿಂಟರ್ ಎಂಬ ಡಾಲ್ಫಿನ್ ಮರಿಗೆ, ಕೆವಿನ್ ಕ್ಯಾರಲ್ ಎಂಬ ಕೃತಕಾಂಗ ತಜ್ಞರೂ ಅವರ ಸಹೋದ್ಯೋಗಿಗಳೂ ಕೃತಕ ಬಾಲವೊಂದನ್ನು ಮಾಡಿಕೊಟ್ಟರು. ಡಾಲ್ಫಿನ್ನಿನ ಚರ್ಮ ಬಹಳ ಕೋಮಲ; ನೀರಿನಲ್ಲಿಯೇ ಬದುಕುವ ಪ್ರಾಣಿಗೆ ಜಾರದ, ಉಜ್ಜದ ಒಳಪದರ ಬೇಕಾಗಿತ್ತು. ಅದಕ್ಕೆಂದು ಸಿದ್ಧಪಡಿಸಿದ ಮೃದುವಾದ ಜೆಲ್ಲನ್ನು ತರುವಾಯ ಮನುಷ್ಯರ ಲೈನರುಗಳಿಗೂ ಬಳಸಲಾಯಿತು.

ಇನ್ನು ನೀರಿನೊಳಗೆ ಈಜುವುದಕ್ಕೆಂದೇ ಮಾಡುವ ಅಂಗ. ಮಗು ಅಂಗವಿಲ್ಲದೆ ತೇಲಲೂ ಎದ್ದು ನಿಲ್ಲಲೂ ಕಲಿತ ಮೇಲೆ, ಎರಡೂ ಪಕ್ಕದ ಸೊಂಟದ ಸ್ನಾಯುಗಳನ್ನು ಸಮವಾಗಿ ಬೆಳೆಸಬೇಕೆಂದು ಫಿಸಿಯೋಥೆರಪಿಸ್ಟ್ ಬಯಸಿದಾಗ ಇದಕ್ಕೆ ಅರ್ಥವುಂಟು. ನಡೆಯುವ ಪಾದ ಕಾಲಿಗೆ ಲಂಬವಾಗಿ ನಿಂತಿರುತ್ತದೆ. ಈಜುವಾಗ ಅದೇ ಪಾದ ನೀರಿಗೆ ಅಡ್ಡವಾಗಿ ನಿಂತು ಮಗುವನ್ನು ಹಿಂದಕ್ಕೆ ತಡೆಯುತ್ತದೆ. ನೀರಿನ ಈ ತಡೆ ವೇಗದ ವರ್ಗಕ್ಕೆ ಅನುಗುಣವಾಗಿ ಹೆಚ್ಚುವುದರಿಂದ, ಮಗು ಎರಡರಷ್ಟು ವೇಗವಾಗಿ ಹೋಗಲೆಳಸಿದರೆ ತಡೆ ನಾಲ್ಕರಷ್ಟಾಗುತ್ತದೆ. ಪಾದದ ಕೀಲಿನಲ್ಲಿ ಒಂದು ಕೀಲಕವನ್ನಿಟ್ಟು, ದಡದಲ್ಲಿ ನಡೆಯುವಾಗ ಲಂಬವಾಗಿಯೂ, ನೀರಿಗಿಳಿದಾಗ ನರ್ತಕಿಯ ಪಾದದಂತೆ ಚಾಚಿಯೂ ಭದ್ರಗೊಳಿಸುವ ರಚನೆಗಳು ಇದಕ್ಕಾಗಿ ಬಳಕೆಯಲ್ಲಿವೆ. ಪಾದದ ಬದಲು ಈಜುರೆಕ್ಕೆಯನ್ನೇ ಜೋಡಿಸುವುದಾದರೆ, ರೆಕ್ಕೆ ಉದ್ದವಾದಷ್ಟೂ ಸ್ಟಂಪಿನ ತುದಿಯ ಮೇಲೆ ಬೀಳುವ ತಿರುಚುವ ಬಲ ಹೆಚ್ಚುತ್ತದೆಂಬುದನ್ನು ಮರೆಯಲಾಗದು. ಆದುದರಿಂದ ಮೊದಲ ರೆಕ್ಕೆ ಮಗುವಿನ ಇನ್ನೊಂದು ಪಾದಕ್ಕಿಂತ ದೊಡ್ಡದಾಗಿರಬೇಕಿಲ್ಲ, ಬಗ್ಗುವಷ್ಟು ಮೃದುವಾಗಿರಬೇಕು. ಮಂಡಿಯ ಮೇಲಿನಿಂದಲೇ ಕಾಲಿಲ್ಲದ ಮಗುವಿಗೆ ಕೃತಕ ಮಂಡಿಯ ಕೀಲು ನೀರಿನಲ್ಲಿ ಹಿಡಿತವಿಲ್ಲದೆ ತೂಗಾಡುತ್ತದೆ. ಅಂಥವರಿಗೆ ಕೀಲನ್ನು ಬಿಟ್ಟು, ಗಿಡ್ಡನೆಯ ರೆಕ್ಕೆಯನ್ನು ಸಾಕೆಟ್ಟಿಗೇ ಜೋಡಿಸುವುದು ಲೇಸು.

ಕೈಯ ವಿಷಯದಲ್ಲಿ ರಚನೆ ಹೆಚ್ಚು ಸುಲಭ, ಫಲವೂ ಬೇಗ ಕಾಣುತ್ತದೆ. ಮೊಣಕೈಯ ಕೆಳಗೆ ಕೈಯಿಲ್ಲದ ಮಗು ನೀರನ್ನು ಹಿಂದಕ್ಕೆ ತಳ್ಳುವಾಗ ಅಗಲವಾದ ಮೇಲ್ಮೈ ಬೇಕು, ಕೈಯನ್ನು ಮುಂದಕ್ಕೆ ತರುವಾಗ ಅದೇ ಮೇಲ್ಮೈ ಭಾರವಾಗುತ್ತದೆ. ಅಮೆರಿಕದ ಕೊಲರಾಡೊ ರಾಜ್ಯದ ಟಿಆರ್‌ಎಸ್ ಎಂಬ ಸಂಸ್ಥೆ ಇದಕ್ಕೆ ಕಂಡುಕೊಂಡ ಉಪಾಯವೆಂದರೆ, ತಳ್ಳುವಾಗ ಬಿಚ್ಚಿಕೊಂಡು, ಹಿಂತಿರುಗುವಾಗ ತಾನಾಗಿಯೇ ಮಡಿಸಿಕೊಳ್ಳುವ ಎರಡು ರೆಕ್ಕೆಗಳ ಸಾಧನ. ಇದೇ ತತ್ತ್ವದ ಮೇಲೆ ನಮ್ಮ ಕಾರ್ಯಾಗಾರಗಳಲ್ಲಿಯೂ ಪಾಲಿಪ್ರೊಪಿಲೀನ್ ಹಾಳೆಯಿಂದ ಸರಳವಾದ ಹಲಗೆಗಳನ್ನು ಮಾಡಿಕೊಡಬಹುದು. ಅಂಚುಗಳು ದುಂಡಗಿರಲಿ, ಏಕೆಂದರೆ ಕೊಳದಲ್ಲಿ ಇತರ ಮಕ್ಕಳೂ ಇರುತ್ತಾರೆ.

ಮಕ್ಕಳ ಅಂಗವನ್ನು ದೊಡ್ಡವರ ಅಂಗದ ಚಿಕ್ಕ ಪ್ರತಿಯೆಂದು ಭಾವಿಸುವುದು ದೊಡ್ಡ ಪ್ರಮಾದ. ಐದು ವರ್ಷದವರೆಗೆ ಪ್ರಾಯಃ ವರ್ಷಕ್ಕೊಮ್ಮೆ, ಆಮೇಲೆ ಹನ್ನೆರಡರವರೆಗೆ ಎರಡು ವರ್ಷಕ್ಕೊಮ್ಮೆ ಹೊಸ ಅಂಗ ಬೇಕಾಗುತ್ತದೆ. ಎಲುಬಿನ ನಡುವೆ ಕತ್ತರಿಸಿದ ಶಸ್ತ್ರಚಿಕಿತ್ಸೆಯಾಗಿದ್ದರೆ, ಬೆಳೆಯುವ ಮಗುವಿನಲ್ಲಿ ಎಲುಬಿನ ತುದಿ ಚೂಪಾಗಿ ಮುಂದೆ ಬೆಳೆದು ಚರ್ಮವನ್ನು ಒತ್ತುವುದುಂಟು. ನೀರಿನಲ್ಲಿ ನೆನೆದು ಮೆತ್ತಗಾದ ಚರ್ಮ ಆ ಒತ್ತಡಕ್ಕೆ ಬೇಗ ಹರಿಯುತ್ತದೆ. ಅದಕ್ಕಾಗಿ ನೀರಿನಿಂದ ಬಂದೊಡನೆ ಮಗುವನ್ನು ಕೂರಿಸಿ, ಸಾಕೆಟ್ ತೆಗೆದು, ಸ್ಟಂಪನ್ನು ಮೃದುವಾಗಿ ಒತ್ತಿ ಒರಸಿ ನೋಡಬೇಕು. ಮಂಡಿಚಿಪ್ಪಿನ ಕೆಳಗಿನ ಮೆತ್ತನೆಯ ಪಟ್ಟಿಯ ಮೇಲೆ ಕೆಂಪಾಗಿದ್ದರೆ ಚಿಂತಿಸಬೇಕಾದುದಿಲ್ಲ, ಭಾರ ಹೊರಬೇಕಾದ ಎಡೆಯೇ ಅದು. ಮುಂಗಾಲಿನ ಎಲುಬಿನ ಏಣಿನ ಮೇಲೆ, ಮಂಡಿಯ ಹೊರಪಕ್ಕದಲ್ಲಿ ಗುಂಡಗೆ ಕೈಗೆ ಸಿಗುವ ಎಲುಬಿನ ಮೇಲೆ, ಅಥವಾ ಸ್ಟಂಪಿನ ತುದಿಯಲ್ಲಿ ಕೆಂಪು ಕಂಡು, ಇಪ್ಪತ್ತು ನಿಮಿಷವಾದರೂ ಮಾಸದಿದ್ದರೆ ಸಾಕೆಟ್ಟನ್ನು ತಿದ್ದಿಸುವವರೆಗೆ ಆ ಅಂಗವನ್ನು ನೀರಿಗೆ ಹಾಕಬಾರದು. ದಿನನಿತ್ಯದ ಕಾಲನ್ನು ಮತ್ತೆ ತೊಡಿಸುವುದಕ್ಕೆ ಮುಂಚೆ ಚರ್ಮ ಪೂರ್ತಿಯಾಗಿ ಒಣಗಿರಬೇಕು.

ಕರ್ನಾಟಕದಲ್ಲಿ ಇದನ್ನು ಮಾಡಿಸಬಯಸುವವರು ಭಾರತೀಯ ಪುನರ್ವಸತಿ ಪರಿಷತ್ತಿನಲ್ಲಿ ನೋಂದಣಿಯಾದ ಕೃತಕಾಂಗ ತಜ್ಞರನ್ನೇ ಕಾಣತಕ್ಕದ್ದು. ಬೆಂಗಳೂರಿನಲ್ಲಿ 1994ರಿಂದ ಇರುವ ಮೊಬಿಲಿಟಿ ಇಂಡಿಯಾ ಸಂಸ್ಥೆ ಕೃತಕಾಂಗಗಳನ್ನು ಮಾಡಿಕೊಡುವುದರ ಜೊತೆಗೆ ಈ ವಿದ್ಯೆಯಲ್ಲಿ ತರಬೇತಿಯನ್ನೂ ಕೊಡುತ್ತದೆ. ಕಡಮೆ ಆದಾಯದ ಕುಟುಂಬಗಳಿಗೆ ಕೇಂದ್ರ ಸರ್ಕಾರದ ಅಡಿಪ್ ಯೋಜನೆಯ ನೆರವಿದೆ. ಅಳತೆಗೆ ಹೋಗುವಾಗ ಮಗುವಿನ ಈಜುಡುಪನ್ನೂ ಜೊತೆಯಲ್ಲಿ ಒಯ್ಯಿರಿ. ಮಗು ಇಳಿಯುವ ಕೊಳದ ಮೆಟ್ಟಿಲುಗಳ, ನೆಲದ, ಕೈಹಿಡಿಗಳ ಚಿತ್ರಗಳನ್ನು ಫೋನಿನಲ್ಲಿ ತೆಗೆದು ತಜ್ಞರಿಗೆ ತೋರಿಸಿ. ಒದ್ದೆಯಾದ ನಯವಾದ ಟೈಲ್ಸು ಕಲ್ಲಿಗಿಂತಲೂ ಕಠಿಣವಾದ ಶತ್ರು. ಪಾದದ ಅಡಿಗೆ ಗೀರುಗಳುಳ್ಳ ರಬ್ಬರು ಬೇಕೆಂಬುದು ಆ ಚಿತ್ರವನ್ನು ನೋಡಿದರೆ ಅವರಿಗೇ ಹೊಳೆಯುತ್ತದೆ. ಒಳ್ಳೆಯ ತಜ್ಞರು ತಂದೆತಾಯಿಗಳ ಮಾತನ್ನು ಕೇಳಿದ ಮೇಲೆ ಮಗುವಿನ ಕಡೆಗೆ ತಿರುಗಿ, "ನೀರಲ್ಲಿ ನೀನೇನು ಮಾಡ್ಬೇಕು ಅಂತಿದೀಯ, ಪುಟ್ಟಾ?" ಎಂದು ಕೇಳುತ್ತಾರೆ. ಅಣ್ಣನ ಜೊತೆ ಸಮುದ್ರದ ಅಲೆಯಲ್ಲಿ ನಿಲ್ಲಬೇಕೆನ್ನುವ ಮಗುವಿಗೂ, ಕೊಳದ ಈ ದಡದಿಂದ ಆ ದಡಕ್ಕೆ ಈಜಬೇಕೆನ್ನುವ ಮಗುವಿಗೂ ಒಂದೇ ಅಂಗ ಹೊಂದುವುದಿಲ್ಲ. ಮಗು ತನಗೆ ಯಾವುದೂ ಬೇಡ, ಹೀಗೆಯೇ ಈಜುತ್ತೇನೆ ಎಂದರೆ ಆ ಮಾತಿಗೂ ಬೆಲೆಯಿದೆ. ಮಗು ಅಂಗವಿಲ್ಲದೆ ಕಾಣಿಸಿಕೊಂಡರೆ ನೋಡುವವರ ಕಣ್ಣಿಗೆ ಹೇಗಿರುತ್ತದೋ ಎಂಬ ಹಿರಿಯರ ಸಂಕೋಚಕ್ಕಾಗಿ ಅದರ ಮೇಲೆ ಒಂದು ರೆಕ್ಕೆಯನ್ನು ಹೇರುವುದು ಅನ್ಯಾಯ.

ವೆಚ್ಚವನ್ನು ತಗ್ಗಿಸುವ ಒಂದು ದಾರಿಯನ್ನು ಅನೇಕ ಕಾರ್ಯಾಗಾರಗಳು ಬಲ್ಲವು. ಮಗು ಬೆಳೆದು ಬಿಟ್ಟ ಹಳೆಯ ಕಾಲಿನ ಪಾದವನ್ನೂ ಜೋಡಣೆಗಳನ್ನೂ ಪರೀಕ್ಷಿಸಿ, ತುಕ್ಕು ಹಿಡಿಯುವ ತಿರುಪುಗಳನ್ನು ಬದಲಿಸಿ, ಪೈಪನ್ನು ಈಗಿನ ಎತ್ತರಕ್ಕೆ ಹೊಂದಿಸಿ, ಹೊಸ ಪಾಲಿಪ್ರೊಪಿಲೀನ್ ಸಾಕೆಟ್ಟೊಂದನ್ನು ಮಾತ್ರ ಮಾಡಿದರೆ ನೀರಿಗೆ ಒದಗುವ ಕಾಲು ಸಿದ್ಧವಾಗುತ್ತದೆ. ಹಳೆಯ ಸಾಕೆಟ್ಟನ್ನು ಹಿಗ್ಗಿಸಿ ಬಳಸುವುದು, ಇನ್ನೊಂದು ಮಗುವಿನ ಸಾಕೆಟ್ಟನ್ನು ಕೇಳಿ ತರುವುದು ಸರ್ವಥಾ ಕೂಡದು. ಪ್ರತಿ ಸಾರಿಯೂ ಬಳಕೆಯ ನಂತರ ಅಂಗವನ್ನು ಒಳಹೊರಗೆ ಸಿಹಿನೀರಿನಲ್ಲಿ ತೊಳೆದು, ರಂಧ್ರಗಳಲ್ಲಿ ಮರಳಿದ್ದರೆ ಹೊರಡಿಸಿ, ಲೈನರನ್ನು ಮೃದುವಾದ ಸೋಪಿನಿಂದ ತೊಳೆದು, ಬಿಸಿಲಿಗಿಡದೆ ಗಾಳಿಯಾಡುವ ನೆರಳಿನಲ್ಲಿ ತಲೆಕೆಳಗಾಗಿ ನಿಲ್ಲಿಸಿ ಒಣಗಿಸಬೇಕು. ಮರುದಿನ ತಿರುಪುಗಳನ್ನೊಮ್ಮೆ ಕೈಯಿಂದ ಅಲುಗಿಸಿ ನೋಡಿ, ಸಡಿಲವಾದುದು ಕಂಡರೆ ಮುಂದಿನ ಈಜಿಗೆ ಮುಂಚೆಯೇ ಕಾರ್ಯಾಗಾರಕ್ಕೆ ಒಯ್ಯಬೇಕು.